ಪುರಿಯ ಸಮಾಧಿಯ ಮುಂದೆ

ಪುರಿಗೆ ಹೋದವರು ಜಗನ್ನಾಥನ ದರ್ಶನ ಮಾಡಿ, ಸಮುದ್ರ ನೋಡಿ ಹೊರಟುಬಿಡುತ್ತಾರೆ. ಮೊದಲ ಸಲ ನಾನೂ ಹಾಗೇ ಬಂದಿದ್ದೆ. ಈ ಸಲ ಮಾತ್ರ ಕರಾರ್ ಆಶ್ರಮಕ್ಕೆ ಹೋಗಲೇಬೇಕು ಅಂತ ಹರಕೆ ಹೊತ್ತಿದ್ದೆ. ಪರಮಹಂಸ ಯೋಗಾನಂದರ ಗುರುಗಳು, ಶ್ರೀ ಯುಕ್ತೇಶ್ವರ ಗಿರಿಯವರ ಸಮಾಧಿ ಇರುವುದು ಅಲ್ಲಿ.

ಗೋರಖ್‌ಪುರದಲ್ಲಿ 1893ರಲ್ಲಿ ಹುಟ್ಟಿದ ಮುಕುಂದನಿಗೆ, ಅಂದರೆ ಮುಂದೆ ಯೋಗಾನಂದರಾದ ಹುಡುಗನಿಗೆ, ಗುರು ಸಿಕ್ಕಿದ್ದು 1910ರಲ್ಲಿ, ಕಾಶಿಯ ಒಂದು ಗಲ್ಲಿಯಲ್ಲಿ. ಹತ್ತು ವರ್ಷದ ನಂತರ ಆ ಶಿಷ್ಯ ಅಮೆರಿಕದ ಹಡಗು ಹತ್ತಿದರು. ಹಡಗಿನಲ್ಲಿ ಇಂಗ್ಲಿಷ್ ಭಾಷಣಕ್ಕೆ ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಮನಸ್ಸಿನಲ್ಲೇ ಗುರುವನ್ನು ಕರೆದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರಂತೆ! ಬಾಸ್ಟನ್, ಆಮೇಲೆ ಲಾಸ್ ಏಂಜಲಿಸ್. ಹೀಗೆ 15 ವರ್ಷ ಊರೂರು ಸುತ್ತಿ, ಸುಮ್ನೆ ಕಣ್ಣು ಮುಚ್ಚಿ ದೇವರೆದುರು ಕೂರುವುದನ್ನು ಸಾವಿರಾರು ಜನಕ್ಕೆ ಕಲಿಸಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಇದ್ಯಾವುದೂ ಅಲ್ಲ. 1936ರ ಮಾರ್ಚ್ ತಿಂಗಳು. ಗುರುವಿನ ಕರೆಗೆ ಓಗೊಟ್ಟು ಅವರು ಭಾರತಕ್ಕೆ ಬಂದು ಆಗಲೇ ಕೆಲವು ತಿಂಗಳಾಗಿತ್ತು. ಕಲ್ಕತ್ತೆಯಲ್ಲಿದ್ದಾಗ ಪುರಿಗೆ ಕೂಡಲೇ ಬರಬೇಕು ಅಂತ ತಂತಿ ಬಂದ ಸುದ್ದಿ ತಿಳಿಯಿತು. ಇವತ್ತು ರಾತ್ರಿ ಹೋಗಬೇಡ ಅಂತ ಒಳಗಿನ ದನಿಯೊಂದು ತಡೆಯಿತು. ಮರುದಿನ ಸಂಜೆ ರೈಲು ಹತ್ತಿದರು. ಆ ಸಂಜೆಯೇ, ಮಾರ್ಚ್ 9ರಂದು, ಗುರುಗಳು ದೇಹ ಬಿಟ್ಟರು. ರೈಲಿನಲ್ಲೇ ಅವರಿಗೆ ಗುರುವಿನ ದರ್ಶನವಾಯಿತು. ಬೆಳಿಗ್ಗೆ ಪುರಿಯಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಗೊತ್ತಾಗಿಹೋಗಿತ್ತು. ಪದ್ಮಾಸನದಲ್ಲಿ ಕೂತಿದ್ದ ಆ ದೇಹವನ್ನು ಆಶ್ರಮದ ತೋಟದಲ್ಲಿ ತಾವೇ ನಿಂತು ಸಮಾಧಿ ಮಾಡಿಸಿದರು. ಇದನ್ನೆಲ್ಲ ತಮ್ಮ ಆತ್ಮಕಥೆಯಲ್ಲಿ ಒಂದಿಷ್ಟೂ ಮುಚ್ಚಿಡದೆ ಬರೆದಿದ್ದಾರೆ. ಅಷ್ಟು ದೊಡ್ಡ ಯೋಗಿ, ತಮ್ಮೊಳಗಿನ ದುಃಖವನ್ನೂ.

ಅಪ್ಪ ಹೋದ ರಾತ್ರಿ ನಾನೂ ರೈಲಿನಲ್ಲಿದ್ದೆ. ಆ ಪುಟ ಓದಿದಾಗಲೆಲ್ಲ ನನಗೆ ಬೇರೇನೂ ಕಾಣುವುದಿಲ್ಲ. ಹರಕೆ ಹೊತ್ತಿದ್ದೂ ಅದಕ್ಕೇ.

ಸಮಾಧಿಯ ಮುಂದೆ ಕೂತೆ. ಬೇಡಿಕೊಳ್ಳಲು ಮನೆಯಿಂದ ಎಷ್ಟೆಲ್ಲ ಯೋಚಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಉಸಿರು ಮಾತ್ರ ಹೋಗುತ್ತಿತ್ತು, ಬರುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಏಳುವ ಮುಂಚೆ ತಲೆ ಬಾಗಿಸಿ, “ತಡವಾಗಿ ಬಂದೆ” ಅಂದೆ. ಅದನ್ನು ಗುರುಗಳಿಗೆ ಹೇಳಿದೆನೋ, ಅಪ್ಪನಿಗೋ.