11 ತಿಂಗಳ ಅಗ್ರಿಮೆಂಟು, 8 ವರ್ಷದ ಬ್ಯಾಟರಿ

"ನೋಡಮ್ಮಾ, ನೀವು ಇನ್ನೂ ಎಷ್ಟು ವರ್ಷ ಇರ್ತೀರಾ ನಮ್ಮನೇಲಿ?"

ಓನರ್ ಅಂಕಲ್ ಕೇಳಿದ್ದು ಇಷ್ಟೇ. ಮಾತಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಕನ್ನಡಕ ಹಣೆಗೇರಿಸಿಕೊಂಡು, ಗೇಟಿನ ಚಿಲಕ ಹಾಕುತ್ತಾ ಕೇಳಿದರು. ನಾನು ಕೇಳಿದ್ದೇ ಬೇರೆ. ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡೋಕೆ, ಕೆಳಗೆ ಕಾರು ನಿಲ್ಲಿಸುವ ಕಡೆ ಒಂದು 15 ಆಂಪ್ ಪಾಯಿಂಟ್ (ದಪ್ಪ ಪ್ಲಗ್ಗಿನ ಸಾಕೆಟ್) ಹಾಕಿಸಿಕೊಳ್ಳಬಹುದಾ ಅಂತ. ಹಾಕಿಸಿಕೊಳ್ಳಿ ಅನ್ನಬೇಕು, ಇಲ್ಲಾ ಬೇಡ ಅನ್ನಬೇಕು. ಎರಡೂ ಬಿಟ್ಟು ಇದೆಂಥ ಉತ್ತರ? ಈ ವಾರ ಪೂರ್ತಿ ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ, ರಾತ್ರಿ ಮಲಗಿದಾಗ ಅದೇ ಮಾತು ತಲೆ ತಿನ್ನುತ್ತಿದೆ. ನಾನು ಆಗ ಹೇಳಿದ್ದು "ನೋಡೋಣ ಅಂಕಲ್" ಅಂತ ಮಾತ್ರ. ಆಮೇಲೆ ಹೊಳೆದ ಉತ್ತರಗಳನ್ನೆಲ್ಲ ಬರೆದರೆ ಅದೇ ಒಂದು ಪುಟ ಆದೀತು.

ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೇ ಪೆಟ್ರೋಲ್ ಕಾರು ಗ್ಯಾರೇಜಿನವರ ಮನೆ ನಡೆಸುವ ಹಂತಕ್ಕೆ ಬಂದಿತ್ತು. ಮುಂದಿನದು ಎಲೆಕ್ಟ್ರಿಕ್ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ವಿಜಯನಗರದಿಂದ ಬನ್ನೇರುಘಟ್ಟ ರಸ್ತೆಯ ನನ್ನ ಆಫೀಸಿಗೆ ಹೋಗಿ ಬರಲು 35 ಕಿಲೋಮೀಟರ್ ಆಗುತ್ತೆ. ಅದರಲ್ಲಿ ಅರ್ಧ ಹೊತ್ತು ನಿಂತಿರುವುದೇ. ನಿಂತಾಗ ಪೆಟ್ರೋಲ್ ಕುಡಿಯದ ಗಾಡಿ ಈ ಊರಿಗೆ ಬೇಕೇ ಬೇಕು. ತಿಂಗಳಿಗೆ 1000 ಕಿಲೋಮೀಟರ್ ಅಂದರೆ ಪೆಟ್ರೋಲ್‌ಗೆ 7000 ರೂಪಾಯಿ ಹತ್ತಿರ. ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡುತ್ತೆ. ಮನೆ ಕರೆಂಟು ಯೂನಿಟ್‌ಗೆ 6 ರೂಪಾಯಿ ಅಂತಿಟ್ಟುಕೊಂಡರೂ 1000 ರೂಪಾಯಿ ಚಿಲ್ಲರೆಯಲ್ಲಿ ತಿಂಗಳು ಕಳೆಯುತ್ತೆ.

ಹಾಗಾಗಿ ಶೋರೂಮ್ ಸುತ್ತಾಟ ಶುರುವಾಯಿತು. ಇವರು ಎಕ್ಸೆಲ್ ಶೀಟ್ ಮಾಡಿದರು. ಮದುವೆಗೆ ಮುಂಚೆ ನನ್ನ ಬಗ್ಗೆಯೂ ಒಂದು ಮಾಡಿದ್ದರೋ ಏನೋ. ಎಂಜಿ ವಿಂಡ್ಸರ್, 38 ಯೂನಿಟ್ ಬ್ಯಾಟರಿ. ಅದರದೇ ಪ್ರೊ ಮಾಡೆಲ್, 52.9 ಯೂನಿಟ್. ಟಾಟಾ ನೆಕ್ಸಾನ್, 45. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, 42 ಮತ್ತು 51.4. ಏಳು ಸೀಟು ಬೇಕೆಂದರೆ ಕಿಯಾ ಕ್ಯಾರೆನ್ಸ್ ಕ್ಲಾವಿಸ್, ಅದರಲ್ಲೂ 51.4ರ ಬ್ಯಾಟರಿ. ಪಕ್ಕದಲ್ಲೇ ಕಂಪನಿ ಹೇಳುವ ರೇಂಜ್, ಅಂದರೆ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತೆ ಅಂತ. ವಿಂಡ್ಸರ್ ಪ್ರೊಗೆ 449 ಕಿಲೋಮೀಟರ್, ಕ್ಲಾವಿಸ್‌ಗೆ 490. ಇವರು ಅದಕ್ಕೆ ಇನ್ನೊಂದು ಕಾಲಂ ಸೇರಿಸಿ, ಎಲ್ಲದರಲ್ಲೂ ಮುಕ್ಕಾಲು ಭಾಗ ಮಾತ್ರ ಹಿಡಿದಿದ್ದರು. ಲ್ಯಾಬಿನಲ್ಲಿ ಅಳೆದ ರೇಂಜಿಗೂ, ಎಸಿ ಹಾಕಿಕೊಂಡು ಹೈವೇಯಲ್ಲಿ ನೂರರಲ್ಲಿ ಹೋಗುವಾಗ ಸಿಗುವ ರೇಂಜಿಗೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ಅತ್ತೆಯ ಊರು ತೀರ್ಥಹಳ್ಳಿ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗದ ಮೇಲೆ ಹೋದರೆ 350 ಕಿಲೋಮೀಟರ್ ದಾಟುತ್ತೆ. ಯಾವ ಕಾರಾದರೂ ದಾರಿಯಲ್ಲಿ ಒಂದು ಸಲ ಚಾರ್ಜ್‌ಗೆ ನಿಲ್ಲಿಸುವುದೇ ವಾಸಿ. ಅದೇನೂ ತೊಂದರೆಯಲ್ಲ. ಅತ್ತೆಗೆ ಕಾಫಿಗೆ ಹೇಗೂ ಎರಡು ಕಡೆ ನಿಲ್ಲಿಸಬೇಕು.

ಅತ್ತೆಯ ಪರೀಕ್ಷೆಯೇ ಬೇರೆ ಥರ. ಅವರು ಬ್ಯಾಟರಿ ಕೇಳಲಿಲ್ಲ, ಸ್ಕ್ರೀನ್ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆಸಿದರು, ಸೆರಗು ಸರಿಮಾಡಿಕೊಂಡರು, ಮೊದಲು ಕೂತು ಆಮೇಲೆ ಒಂದೊಂದೇ ಕಾಲು ಒಳಗೆಳೆದುಕೊಂಡರು. ಕೂತ ಮೇಲೆ ತೊಡೆಯ ಕೆಳಗೆ ಅಂಗೈ ತೂರಿಸಿ ನೋಡಿದರು. ಪೆಟ್ರೋಲ್ ಕಾರನ್ನೇ ತಿದ್ದಿ ಎಲೆಕ್ಟ್ರಿಕ್ ಮಾಡಿದ್ದರಲ್ಲಿ ಕೆಲವಕ್ಕೆ ಬ್ಯಾಟರಿ ಕೆಳಗೆ ಬರುವುದರಿಂದ ನೆಲ ಎತ್ತರ ಆಗುತ್ತೆ, ಮಂಡಿ ಮೇಲಕ್ಕೆ ಏಳುತ್ತೆ. ತೊಡೆಗೆ ಸೀಟು ತಾಗುವುದೇ ಇಲ್ಲ. ಮಂಡಿ ನೋವಿನವರಿಗೆ ಇದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ, ವಿಡಿಯೋ ಮಾಡುವ ಹುಡುಗರಿಗೆ ಗೊತ್ತಾಗಲ್ಲ. ಅತ್ತೆ ವಿಂಡ್ಸರ್‌ನ ಹಿಂದಿನ ಸೀಟನ್ನು ಹಿಂದಕ್ಕೆ ವಾಲಿಸಿ ಕೂತವರು ಏಳಲಿಲ್ಲ. ಕ್ಲಾವಿಸ್‌ನಲ್ಲೂ ಬೇಡ ಅನ್ನಲಿಲ್ಲ. ಉಳಿದವನ್ನು ಇವರ ಶೀಟಿನಿಂದ ಅಲ್ಲೇ ತೆಗೆಸಿದರು.

ಈ ಸುತ್ತಾಟದಲ್ಲಿ ಒಂದು ವಿಷಯ ಗಮನಿಸಿದೆ. ಹಿಂದಿನ ಕಾರು ಕೊಂಡಾಗ ಸೇಲ್ಸ್ ಹುಡುಗರು ಮೊದಲು ಕೇಳುತ್ತಿದ್ದದ್ದು ಬಜೆಟ್. ಈಗ ಮೊದಲು ಕೇಳುವುದು, "ಸ್ವಂತ ಮನೇನಾ ಸಾರ್?" ಥೇಟ್ ಹೆಣ್ಣು ಕೊಡೋರು ವಿಚಾರಿಸಿದ ಹಾಗೆ. (ಡ್ರೈವರ್ ಸೀಟಿನಲ್ಲಿ ಕೂತಿದ್ದವಳು ನಾನು. ಪ್ರಶ್ನೆ ಮಾತ್ರ ಇವರಿಗೆ. ಇರಲಿ.) ಬಾಡಿಗೆ ಮನೆ ಅಂದ ತಕ್ಷಣ ಒಬ್ಬ ಹುಡುಗನ ದನಿ ಸ್ವಲ್ಪ ಇಳಿಯಿತು. "ಓನರ್ ಕೈಯಲ್ಲಿ, ಅಭ್ಯಂತರ ಇಲ್ಲ ಅಂತ ಒಂದು ಎನ್‌ಒಸಿ ಲೆಟರ್ ತಗೊಂಬಿಡಿ ಸಾರ್, ಆಮೇಲೆ ನಮ್ಮವರು ಬಂದು ಜಾಗ ನೋಡ್ತಾರೆ" ಅಂದ. ಅವನೇ ಬ್ಯಾಟರಿ ಬಾಡಿಗೆಯ ಲೆಕ್ಕವನ್ನೂ ಹೇಳಿದ. 2024ರಲ್ಲಿ ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಓಡಿಸಿದ ಪ್ರತಿ ಕಿಲೋಮೀಟರ್‌ಗೆ 3.5 ರೂಪಾಯಿ ಅಂತ ಇಟ್ಟಿದ್ದರು. ಮನೆಯೂ ಬಾಡಿಗೆ, ಬ್ಯಾಟರಿಯೂ ಬಾಡಿಗೆ. ನಮಗೇ ಅಂತ ಮಾಡಿದ ಸ್ಕೀಮು ಅಂತ ನಗು ಬಂತು.

ಹಾಗೆ ಭಾನುವಾರ ಬೆಳಿಗ್ಗೆ ಓನರ್ ಹತ್ತಿರ ಹೋಗಿದ್ದು.

ಅಂಕಲ್ ಬಗ್ಗೆ ಹೇಳಬೇಕು. ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಆ ಹೆಸರು ಹೋಗಿ ಕೆಪಿಟಿಸಿಎಲ್ ಬಂದು, ಅದರಿಂದ ಬೆಸ್ಕಾಂ ಆಗಿ ಎರಡು ದಶಕ ದಾಟಿದರೂ ಅವರಿಗೆ ಅದು ಕೆಇಬಿಯೇ. ಒಳ್ಳೆಯವರು. ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ನಲ್ಲಿ ಸ್ವಲ್ಪ ತೊಟ್ಟಿಕ್ಕಿದರೆ ಕೆಳಗಿನಿಂದಲೇ ಅವರಿಗೆ ಕೇಳಿಸುತ್ತೆ. ಹಿಂದೆ ಇದ್ದ ಬಾಡಿಗೆಯವರು ಎಸಿ ಪೈಪ್‌ಗೆ ಅಂತ ಗೋಡೆ ಕೊರೆದ ತೂತನ್ನು ಈಗಲೂ ಬಂದವರಿಗೆಲ್ಲ ತೋರಿಸುತ್ತಾರೆ.

ಪಾಯಿಂಟ್ ಅಂದ ತಕ್ಷಣ ಅವರ ಕಣ್ಣು ಅರಳಿತು. ಒಳಗೆ ಹೋಗಿ ಟಾರ್ಚ್ ತಂದರು. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಬಾಗಿಲು ತೆಗೆದು, ಜೇಡರ ಬಲೆ ಊದಿ, ಮೂರು ಮೀಟರ್‌ಗಳಲ್ಲಿ ನಮ್ಮದರ ಆರ್‌ಆರ್ ನಂಬರ್ ಮೇಲೆ ಬೆರಳಿಟ್ಟರು. "ಇದು 3 ಕಿಲೋವ್ಯಾಟ್ ಲೋಡು. ನಿಮ್ಮ ಕಾರು ಒಂದೇ 3.3 ಕೇಳತ್ತೆ. ನೀವು ಮೇಲೆ ಗೀಸರ್ ಹಾಕಿದ್ರಿ ಅಂತಿಟ್ಕೊಳ್ಳಿ, ಏನಾಗತ್ತೆ?" ಬಿಳಿ ಪಿಂಗಾಣಿ ಫ್ಯೂಸ್ ಕಿತ್ತು, ಕಪ್ಪಾಗಿದ್ದ ಅದರ ಬಾಯಿ ತೋರಿಸಿದರು. ಆಮೇಲೆ ಅವರೇ ಸಮಾಧಾನವನ್ನೂ ಹೇಳಿದರು. ಲೋಡ್ ಜಾಸ್ತಿ ಮಾಡಿಸೋಕೆ ಅರ್ಜಿ ಹಾಕಬೇಕು. ಬೇರೆ ಅರ್ಥಿಂಗ್ ಬೇಕು, ಲೋಡ್ ಮೀರಿದ್ರೆ ತಾನೇ ಆಫ್ ಆಗೋ ಬೇರೆ ಎಂಸಿಬಿ ಬೇಕು, ಕರೆಂಟ್ ಲೀಕ್ ಆದ ತಕ್ಷಣ ಟ್ರಿಪ್ ಆಗೋ ಆರ್‌ಸಿಸಿಬಿ ಬೇಕು.

"ದಿನಾ ಎಷ್ಟು ಓಡಿಸ್ತೀರಾ?"

"35 ಕಿಲೋಮೀಟರ್ ಅಂಕಲ್."

ಮನಸ್ಸಲ್ಲೇ ಲೆಕ್ಕ ಹಾಕಿದರು. "ಐದಾರು ಯೂನಿಟ್ಟು. ಎರಡು ಗಂಟೆ ಸಾಕು. ಎಲ್ಲರೂ ಮಲಗಿದ ಮೇಲೆ ಹಾಕ್ಕೊಳ್ಳಿ."

ಶೋರೂಮಿನಲ್ಲಿ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಅಲ್ಲೆಲ್ಲ ಬರೀ ಸೊನ್ನೆಯಿಂದ ನೂರಕ್ಕೆ ಎಷ್ಟು ಗಂಟೆ ಅನ್ನೋ ಮಾತು. 45 ಯೂನಿಟ್ ಬ್ಯಾಟರಿಯನ್ನು ಮನೆ ಪ್ಲಗ್‌ನಲ್ಲಿ ತುಂಬಿಸಲು ಹದಿನೈದು ಗಂಟೆ ಬೇಕು ಅಂದರೆ ಯಾರಿಗಾದರೂ ಗಾಬರಿ ಆಗುತ್ತೆ. ದಿನಾ ಸೊನ್ನೆಯಿಂದ ತುಂಬಿಸುವವರು ಯಾರಿದ್ದಾರೆ?

ಗೃಹಜ್ಯೋತಿ ವಿಷಯವನ್ನೂ ಅವರೇ ಎತ್ತಿದರು. "ನಿಮ್ಮದು ಝೀರೋ ಬಿಲ್ ಬರ್ತಿದೆಯಲ್ಲ, ಕಾರು ಬಂದ್ರೆ 200 ಯೂನಿಟ್ ದಾಟತ್ತೆ. ಪೂರ್ತಿ ಬಿಲ್ ಕಟ್ಟಬೇಕಾಗತ್ತೆ, ಯೋಚನೆ ಮಾಡಿದೀರಾ?" ಮಾಡಿದ್ದೆವು. ಆದರೂ ಪೆಟ್ರೋಲ್‌ಗಿಂತ ಎಷ್ಟೋ ಕಡಿಮೆ. 2001ರಲ್ಲಿ ಬಂದ ರೇವಾ ಕಾರಿನ ಕಥೆಯೂ ಆಯಿತು. ನಮ್ಮ ಬೊಮ್ಮಸಂದ್ರದಲ್ಲೇ ತಯಾರಾಗಿ ಲಂಡನ್ನಿಗೂ ಹೋದ ಪುಟ್ಟ ಎರಡು ಬಾಗಿಲಿನ ಗಾಡಿ. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರ್. ಜನ ನಗುತ್ತಿದ್ದರಂತೆ. ಅಂಕಲ್ ಆಗಲೇ ಒಂದು ತಗೋಬೇಕು ಅಂತಿದ್ದರಂತೆ, ಆಂಟಿ ಬಿಡಲಿಲ್ಲವಂತೆ.

ಇಷ್ಟೆಲ್ಲ ಆಗಿ, ಎಲ್ಲ ಮುಗಿಯಿತು ಅಂದುಕೊಂಡು ನಾನು ಮೆಟ್ಟಿಲು ಹತ್ತುವಾಗ ಕೇಳಿದ್ದು ಆ ಮಾತು. ನೀವು ಇನ್ನೂ ಎಷ್ಟು ವರ್ಷ ಇರ್ತೀರಾ ನಮ್ಮನೇಲಿ?

ಇವರ ಪ್ರಕಾರ ಅದು ಬಾಡಿಗೆ ಜಾಸ್ತಿ ಮಾಡಲು ಪೀಠಿಕೆ. ಅತ್ತೆಯ ಪ್ರಕಾರ ಪಾಪ ಪ್ರೀತಿಯಿಂದ ಕೇಳಿದ್ದು, ಇರಿ ಅಂತಲೇ ಅರ್ಥ. ನನ್ನ ತಂಗಿಗೆ ಫೋನ್ ಮಾಡಿದರೆ, "ಮನೆ ಮಾರೋ ಯೋಚನೆ ಇರಬೇಕು ಕಣೇ" ಅಂತ ಇನ್ನೊಂದು ಹುಳ ಬಿಟ್ಟಳು. ನನಗೆ ಮಾತ್ರ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇಲ್ಲ ಅನ್ನೋದು ಕೊರೆಯುತ್ತಿದೆ. ಕಂಪನಿ ಬ್ಯಾಟರಿಗೆ 8 ವರ್ಷ, 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತೆ. ಕೆಲವರು ಅದಕ್ಕೂ ಜಾಸ್ತಿ ಕೊಡುತ್ತಾರೆ. ನನ್ನ ಮನೆಗೆ ಇರುವುದು 11 ತಿಂಗಳ ಅಗ್ರಿಮೆಂಟು. ವರ್ಷ ತುಂಬಿಸಿದರೆ ರಿಜಿಸ್ಟರ್ ಮಾಡಿಸಬೇಕು ಅಂತ ಇಡೀ ಬೆಂಗಳೂರು 11 ತಿಂಗಳ ಲೆಕ್ಕದಲ್ಲೇ ಬದುಕುತ್ತಿದೆ. ಅಡ್ವಾನ್ಸ್ ಲಕ್ಷಗಟ್ಟಲೆ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಕಳೆದುಕೊಂಡು, ಮುಂದಿನ ಮನೆಯ ಗೇಟಿನಲ್ಲಿ ಕಾರು ನುಗ್ಗುತ್ತೋ ಇಲ್ಲವೋ ಅಂತ ಟೇಪ್ ಹಿಡಿಯುವವರು ನಾವು.

ನನ್ನ ಸಹೋದ್ಯೋಗಿ ಒಬ್ಬರಿದ್ದಾರೆ. ನಾಗರಭಾವಿಯಲ್ಲಿ ಸ್ವಂತ ಮನೆ, ತಾರಸಿ ಮೇಲೆ ಸೋಲಾರ್. "ನಾನು ಬಿಸಿಲಲ್ಲಿ ಗಾಡಿ ಓಡಿಸ್ತೀನಿ" ಅಂತ ಹೇಳಿಕೊಂಡು ತಿರುಗುತ್ತಾರೆ. ಊಟಕ್ಕೆ ಕೂತಾಗೆಲ್ಲ ಪೆಟ್ರೋಲ್ ಕಾರಿನವರಿಗೆ ಪರಿಸರದ ಪಾಠ. ಅವರ ಮಾತು ತಪ್ಪಲ್ಲ, ಕೇಳೋಕೆ ಮಾತ್ರ ಆಗಲ್ಲ. ಅವರಿಗೆ ಅಪ್ಪ ಬಿಟ್ಟುಹೋದ ಸೈಟು ಇತ್ತು, ಅದಕ್ಕೆ ಅವರ ಹೊಗೆ ಕಡಿಮೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2017ರಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು. ಅದಕ್ಕೂ ಮುಂಚೆ, 2016ರಲ್ಲೇ ಈ ಗಾಡಿಗಳಿಗೆ ರಸ್ತೆ ತೆರಿಗೆ ಬಿಟ್ಟರು. 2024ರಲ್ಲಿ 25 ಲಕ್ಷ ದಾಟಿದ ಕಾರಿಗೆ ಶೇ 10 ಹಾಕಿದರು, ಅದು ನ್ಯಾಯವೇ. ಜಿಎಸ್‌ಟಿ ಶೇ 5 ಮಾತ್ರ. ಆದರೆ ಈ ರಿಯಾಯಿತಿಯೆಲ್ಲ ಬರೀ ಕಾರಿಗೆ. ಕಾರು ರಾತ್ರಿ ಎಲ್ಲಿ ಮಲಗಬೇಕು ಅನ್ನೋದನ್ನು ಓನರ್ ಅಂಕಲ್‌ಗಳಿಗೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಗಳಿಗೆ ಬಿಟ್ಟುಬಿಟ್ಟಿದ್ದಾರೆ. ಮನೆಯಲ್ಲಿ ಪ್ಲಗ್ ಇರುವವರಿಗೆ ಯೂನಿಟ್ 6 ರೂಪಾಯಿ. ಇಲ್ಲದವರು ಹೊರಗೆ ಫಾಸ್ಟ್ ಚಾರ್ಜರ್ ಹತ್ತಿರ ಹೋಗಿ 20 ರೂಪಾಯಿ ಮೇಲೆ ಕೊಡಬೇಕು, ಮೇಲಿಂದ ಮುಕ್ಕಾಲು ಗಂಟೆ ಕಾಯಬೇಕು. ಅಂದರೆ ಸ್ವಂತ ಮನೆ ಇದ್ದವರಿಗೆ ಅಗ್ಗ, ಇಲ್ಲದವರಿಗೆ ಮೂರು ಪಟ್ಟು. ನೀರಿನ ಟ್ಯಾಂಕರ್ ವಿಷಯದಲ್ಲೂ ಈ ಊರು ಮಾಡಿದ್ದು ಇದನ್ನೇ ಅಲ್ವಾ?

ಆರ್‌ಪಿಸಿ ಲೇಔಟ್ ಕಡೆ ಸಂಜೆ ನಡೆಯುವಾಗ ಒಂದು ಮನೆ ನೋಡಿದೆ. ಎರಡನೇ ಮಹಡಿಯ ಬಾಲ್ಕನಿಯಿಂದ ಒಂದು ವೈರು ಇಳಿದು, ಹೊಂಗೆ ಮರದ ಕೊಂಬೆಗೆ ಎರಡು ಸುತ್ತು ಸುತ್ತಿ, ರಸ್ತೆ ಬದಿಯ ಸ್ಕೂಟರ್‌ಗೆ ಬಂದಿತ್ತು. ಪ್ಲಗ್ಗಿಗೆ ಪ್ಲಾಸ್ಟಿಕ್ ಕವರ್, ಅದರ ಬಾಯಿಗೆ ರಬ್ಬರ್ ಬ್ಯಾಂಡ್. ಮಳೆಗಾಲಕ್ಕೆ ಅಷ್ಟೇ ರಕ್ಷಣೆ. ಮೊದಲಾದರೆ ಎಂಥ ಬೇಜವಾಬ್ದಾರಿ ಅಂತ ಬೈದುಕೊಂಡು ಮುಂದೆ ಹೋಗುತ್ತಿದ್ದೆ. ಈಗ, ಅವರ ಓನರ್ ಏನು ಕೇಳಿರಬಹುದು ಅನ್ನಿಸಿತು.

ಬುಧವಾರ ಅಂಕಲ್ ತಾವೇ ಮೇಲೆ ಬಂದರು. ಒಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ವೈರಿಂಗ್ ನಕ್ಷೆ ಬರೆದು ತಂದಿದ್ದರು. ಅರ್ಥಿಂಗ್ ಗುಂಡಿ ಎಲ್ಲಿ, ಪೈಪ್ ಎಲ್ಲಿ ತಿರುಗಬೇಕು, ಎಲ್ಲ ಸ್ಕೇಲ್ ಹಿಡಿದು ಎಳೆದ ಗೆರೆ. "ವೈರು 6 ಸ್ಕ್ವೇರ್ ಎಂಎಂ ಹಾಕ್ಸಿ. ಪೈಪು ಗೋಡೆ ಮೇಲೇ ಓಡಿಸಿ, ಕೊರೀಬೇಡಿ. ಮನೆ ಖಾಲಿ ಮಾಡೋವಾಗ ಮಾತ್ರ ಕಿತ್ಕೊಂಡ್ ಹೋಗಬಾರದು, ಇಲ್ಲೇ ಬಿಡಬೇಕು." ಕಾಫಿ ಕುಡಿದು ಹೋದರು. ಖರ್ಚು ನಮ್ಮದು, ಪಾಯಿಂಟ್ ಅವರದು. ಮುಂದಿನ ಟು ಲೆಟ್ ಬೋರ್ಡಿನಲ್ಲಿ "ಕಾರ್ ಚಾರ್ಜಿಂಗ್ ಇದೆ" ಅಂತ ಒಂದು ಸಾಲು ಜಾಸ್ತಿ ಬೀಳುತ್ತೆ, ಬಾಡಿಗೆಯೂ ಸೇರಿಕೊಳ್ಳುತ್ತೆ. ಇವರಿಗೆ ಅದು ಉರಿಯುತ್ತಿದೆ. ನನಗೆ ಅಷ್ಟೇನೂ ಇಲ್ಲ. ಬರುವವರಿಗೆ ಸಿಗಲಿ ಬಿಡಿ. ಎನ್‌ಒಸಿಗೆ ಸಹಿಯನ್ನೂ ಹಾಕಿಕೊಟ್ಟಿದ್ದಾರೆ, ಕೆಳಗೆ ತಾರೀಖು, ಅದರ ಕೆಳಗೆ ತಮ್ಮ ಹಳೇ ಹುದ್ದೆ.

ಕಾರು ಇನ್ನೂ ಬುಕ್ ಆಗಿಲ್ಲ. ಪ್ರೊ ತಗೊಳ್ಳೋದಾ, ಕ್ಲಾವಿಸ್ಸಾ ಅನ್ನೋದು ತಂಗಿ ಮನೆಯವರು ನಮ್ಮ ಜೊತೆ ಊರಿಗೆ ಬರ್ತಾರಾ ಇಲ್ಲವಾ ಅನ್ನೋದರ ಮೇಲೆ ನಿಂತಿದೆ. ಎಲೆಕ್ಟ್ರಿಷಿಯನ್ ಶನಿವಾರ ಬರುತ್ತಾನೆ. ಅಂಕಲ್ ಪಕ್ಕದಲ್ಲೇ ನಿಂತು ಕೆಲಸ ಮಾಡಿಸುತ್ತಾರಂತೆ ಅಂದೆ. "ಹಾಗಾದ್ರೆ ಎರಡು ದಿನದ ಕೂಲಿ ಆಗತ್ತೆ ಮೇಡಂ" ಅಂತ ಈಗಲೇ ಹೇಳಿಟ್ಟಿದ್ದಾನೆ.