85 ಸೆಂಟಿಮೀಟರ್ ಸೊಂಟ, ಸುಣ್ಣದ ನೂಡಲ್ಸ್

ನಾವಿರುವ ಜಪಾನಿನಲ್ಲಿ 40 ತುಂಬಿದವರ ಸೊಂಟಕ್ಕೆ ಟೇಪು ಹಿಡಿಯುವುದು ಕಾನೂನಿನ ಪ್ರಕಾರವೇ ನಡೆಯುತ್ತದೆ. 2008ರಲ್ಲಿ ಶುರುವಾದ ವ್ಯವಸ್ಥೆ ಇದು. 40ರಿಂದ 74 ವರ್ಷದವರಿಗೆ ವರ್ಷಕ್ಕೊಮ್ಮೆ ತಪಾಸಣೆ, ಅದರಲ್ಲಿ ಸೊಂಟದ ಸುತ್ತಳತೆಯೂ ಸೇರಿದೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಅದನ್ನು ಮೀರಿ, ಜೊತೆಗೆ ಬಿಪಿ, ಸಕ್ಕರೆ, ಕೊಬ್ಬಿನಲ್ಲೂ ಹೆಚ್ಚುಕಡಿಮೆ ಇದ್ದರೆ ಕರೆದು ಕೂರಿಸಿ ಬುದ್ಧಿ ಹೇಳುತ್ತಾರೆ. ದಂಡಗಿಂಡ ಏನಿಲ್ಲ. ಆದರೆ ತಪಾಸಣೆಯ ತಿಂಗಳು ಹತ್ತಿರ ಬಂತೆಂದರೆ ಆಫೀಸಿನ ಊಟದ ಕೋಣೆಯಲ್ಲಿ ರಾಮೆನ್ ಮಾಯವಾಗಿ ಎಲೆಕೋಸು ಕಾಣಿಸಿಕೊಳ್ಳುತ್ತದೆ.

ನನ್ನ ಟೇಪು 85ಕ್ಕೆ ನಿಲ್ಲಲಿಲ್ಲ. ಎಷ್ಟಕ್ಕೆ ನಿಂತಿತು ಅಂತ ಇಲ್ಲಿ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ.

ಅನ್ನವನ್ನು ದೂರುವುದು ಸುಲಭ. ನಮ್ಮ ಮನೆಯಲ್ಲಿ ನಿಜವಾದ ಕಳ್ಳ ಪಾಸ್ತಾ. ನನಗೂ ಹೆಂಡತಿಗೂ ಕೆಲಸ, ಮನೆ ಸೇರುವುದು ಹೊತ್ತಾಗಿ. ಪಾಸ್ತಾ ಆದರೆ ಬೇಗ ಆಗುತ್ತೆ, ಮಗಳೂ ಗಲಾಟೆ ಮಾಡದೆ ತಿನ್ನುತ್ತಾಳೆ. ಒಬ್ಬರಿಗೆ 80 ಗ್ರಾಂ ಒಣ ಪಾಸ್ತಾ ಅಂದರೆ ಹತ್ತಿರ ಹತ್ತಿರ 290 ಕ್ಯಾಲರಿ. ಆದರೆ 80 ಗ್ರಾಂಗೆ ಯಾರು ನಿಲ್ಲಿಸುತ್ತಾರೆ ಹೇಳಿ. ಹಾಗಾಗಿ ನಮ್ಮ ಅಡುಗೆಮನೆಗೆ ಶಿರಾತಾಕಿ ಎಂಬ ಗೆಡ್ಡೆಯ ನೂಡಲ್ಸ್ ಬಂತು.

ಸೂಪರ್‌ಮಾರ್ಕೆಟ್ಟಿನಲ್ಲಿ ತೋಫು ಇಡುವ ಕಡೆಯೇ ಇದೂ ಇರುತ್ತದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಅರೆಬರೆ ಆರಪಾರ ಕಾಣುವ ಬಿಳಿ ಎಳೆಗಳು. ಬೆಲೆ 100 ಯೆನ್ ಆಸುಪಾಸು. ಚೀಲದ ಹಿಂದೆ ಬರೆದ ಕ್ಯಾಲರಿ ಓದಿದರೆ ಅಚ್ಚು ತಪ್ಪಿರಬೇಕು ಅನ್ನಿಸುತ್ತದೆ: 100 ಗ್ರಾಂಗೆ 5ರಿಂದ 10, ಅಷ್ಟೇ. ಇಡೀ ಚೀಲ ತಿಂದರೂ ಒಂದು ಮಾರಿ ಬಿಸ್ಕತ್ತಿನಷ್ಟು ಆಗುವುದಿಲ್ಲ. ಯಾಕೆಂದರೆ ಅದರಲ್ಲಿ 100ಕ್ಕೆ 97 ಭಾಗ ಬರೀ ನೀರು. ಉಳಿದ 3 ಭಾಗ ಗ್ಲುಕೋಮನ್ನಾನ್ ಅನ್ನುವ ನಾರು. ಆ ನಾರನ್ನು ಒಡೆಯುವ ಕಿಣ್ವ ನಮ್ಮ ಹೊಟ್ಟೆಯಲ್ಲಿಲ್ಲ. ಹಾಗಾಗಿ ಅದು ಕರಗದೆ ಕೆಳಗಿಳಿಯುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ ಅದನ್ನು ಹಿಡಿದುಕೊಂಡು ಹಬ್ಬ ಮಾಡುತ್ತವೆ. ಮೊದಮೊದಲು ಹೊಟ್ಟೆ ಗುಡುಗುಡು ಅನ್ನುವುದು ಅದಕ್ಕೇ.

ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಮಾತ್ರ ಕ್ಯಾಲರಿಯಿಂದಲ್ಲ, ಗೆಡ್ಡೆಯಿಂದ. ಶಿರಾತಾಕಿ ಮಾಡುವ ಕೊನ್ಯಾಕು ಗೆಡ್ಡೆ ನಮ್ಮ ಸುವರ್ಣಗೆಡ್ಡೆಯ ದಾಯಾದಿ. ಎರಡೂ ಅಮೊರ್ಫೋಫ್ಯಾಲಸ್ ಎಂಬ ಒಂದೇ ಕುಲ. ಇಲ್ಲಿಯ ಗೆಡ್ಡೆಯೂ ಹಸಿಯಾಗಿ ಮುಟ್ಟಿದರೆ ಕೈ ತುರಿಸುತ್ತದೆ, ಬಾಯಿಗಿಟ್ಟರಂತೂ ಮುಗಿಯಿತು. ನಾವು ತೀರ್ಥಹಳ್ಳಿ ಕಡೆಯವರು, ಸುವರ್ಣಗೆಡ್ಡೆಯ ತುರಿಕೆಗೆ ಹುಣಸೆಹಣ್ಣು ಹಾಕಿ ಗೊತ್ತು. ಜಪಾನಿನವರು ಕೊನ್ಯಾಕುಗೆ ಹಾಕುವುದು ಸುಣ್ಣ. ಹೌದು, ಎಲೆಅಡಿಕೆಗೆ ಹಚ್ಚುವ ಅದೇ ಸುಣ್ಣ. ಗೆಡ್ಡೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಕಲಸಿದರೆ ಅಂಟಂಟು ಗಂಜಿ ಆಗುತ್ತದೆ. ಅದಕ್ಕೆ ಸುಣ್ಣದ ನೀರು ಬಿದ್ದು ಬಿಸಿ ತಾಗಿದರೆ ಗಟ್ಟಿಯಾಗಿ ಕೂರುತ್ತದೆ. ಒಮ್ಮೆ ಕೂತಿತೆಂದರೆ ಮತ್ತೆ ಎಷ್ಟು ಕುದಿಸಿದರೂ ಕರಗುವುದಿಲ್ಲ. ಅಚ್ಚಿನಲ್ಲಿ ಹೊಯ್ದರೆ ಇಟ್ಟಿಗೆಯಾಕಾರದ ಕೊನ್ಯಾಕು. ಶ್ಯಾವಿಗೆ ಒರಳಲ್ಲಿ ಒತ್ತಿದ ಹಾಗೆ ಸಣ್ಣ ತೂತುಗಳಿಂದ ಬಿಸಿನೀರಿಗೆ ಬಿಟ್ಟರೆ ಶಿರಾತಾಕಿ.

ಈ ವಿಷಯ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. 'ಸುವರ್ಣಗೆಡ್ಡೆ ಹಿತ್ತಲಲ್ಲೇ ಇದೆಯಲ್ಲ ಮಾರಾಯ, ನಾನೇ ಒತ್ತಿ ಕಳಿಸ್ತೀನಿ' ಅಂದಳು. ಪಾಪ, ಅದು ಆಗುವುದಿಲ್ಲ. ನಮ್ಮ ಸುವರ್ಣಗೆಡ್ಡೆಯಲ್ಲಿ ಇರುವುದು ಜಾಸ್ತಿ ಪಿಷ್ಟವೇ. ಅದನ್ನು ತಿಂದರೆ ಕ್ಯಾಲರಿ ಸಲೀಸಾಗಿ ಮೈಗೆ ಹತ್ತುತ್ತದೆ.

ಜಪಾನಿನ ಕೊನ್ಯಾಕು ಗೆಡ್ಡೆಯಲ್ಲಿ 100ಕ್ಕೆ 90ಕ್ಕೂ ಹೆಚ್ಚು ಬೆಳೆಯುವುದು ಒಂದೇ ಪ್ರಾಂತ್ಯದಲ್ಲಿ. ಅದು ಟೋಕಿಯೋದಿಂದ ವಾಯವ್ಯಕ್ಕಿರುವ ಗುನ್ಮಾ. ಅಲ್ಲಿನ ಶಿಮೊನಿತಾ ಊರು ಇದಕ್ಕೇ ಹೆಸರುವಾಸಿ. ತಕಾಸಾಕಿಯಿಂದ ಸಣ್ಣ ರೈಲಿನಲ್ಲಿ ಹೋಗಬೇಕು. ಬೆಟ್ಟದ ಇಳಿಜಾರು, ನೀರು ನಿಲ್ಲದ ಮಣ್ಣು. ವಸಂತದಲ್ಲಿ ನೆಟ್ಟದ್ದನ್ನು ಚಳಿ ಬೀಳುವ ಮುಂಚೆ ಕೀಳುತ್ತಾರೆ. ಹಿಮದಲ್ಲಿ ಬಿಟ್ಟರೆ ಕೊಳೆಯುತ್ತದೆ ಅಂತ ಬೆಚ್ಚಗಿನ ಕೋಣೆಯಲ್ಲಿ ಇಟ್ಟು, ಮರುವರ್ಷ ಮತ್ತೆ ಅದನ್ನೇ ನೆಡುತ್ತಾರೆ. ಹೀಗೆ ಎರಡು ಮೂರು ವರ್ಷ ಏರಿಸಿ ಇಳಿಸಿ ಮಾಡಿದ ಮೇಲೆ ಕಾರ್ಖಾನೆಗೆ. ಇಷ್ಟು ದುಡಿದು ಕೊನೆಗೆ ಸಿಗುವುದು ಹೊಟ್ಟೆಗೆ ಏನೂ ಕೊಡದ ಆಹಾರ! ರೈತರ ತಾಳ್ಮೆ ದೊಡ್ಡದು. ಅವರ ಮಾತಿಗೆ ತೂಕವೂ ಇದೆ ಅನ್ನಿ. ಕೊನ್ಯಾಕು ಮೇಲಿನ ಆಮದು ಸುಂಕ ಜಪಾನಿನ ಅತಿ ದುಬಾರಿ ಸುಂಕಗಳಲ್ಲಿ ಒಂದು, ಮತ್ತು ಗುನ್ಮಾದಿಂದ ಆರಿಸಿ ಬಂದ ನಾಲ್ವರು ದೇಶದ ಪ್ರಧಾನಿ ಆಗಿದ್ದಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ನೀವೇ ಕಲ್ಪಿಸಿಕೊಳ್ಳಿ.

ಈ ಗೆಡ್ಡೆ ಯುದ್ಧಕ್ಕೂ ಹೋಗಿ ಬಂದಿದೆ. 1944ರ ಕೊನೆಯಿಂದ 1945ರ ವಸಂತದವರೆಗೆ ಜಪಾನ್ ಸೇನೆ ಸುಮಾರು 9,000 ಬಲೂನುಗಳಿಗೆ ಬಾಂಬು ಕಟ್ಟಿ ಅಮೆರಿಕದ ಕಡೆ ಗಾಳಿಗೆ ಬಿಟ್ಟಿತು. ಬಲೂನು ಕಾಗದದ್ದು. ಹಾಳೆಗೆ ಹಾಳೆ ಅಂಟಿಸಲು ಬಳಸಿದ್ದು ಕೊನ್ಯಾಕು ಗಂಜಿ, ಅಂಟಿಸಿದವರಲ್ಲಿ ಬಹಳ ಮಂದಿ ಶಾಲೆ ಕಲಿಯುವ ಹುಡುಗಿಯರು. ಒರೆಗಾನ್‌ನ ಬ್ಲೈ ಹತ್ತಿರ ಒಂದು ಬಲೂನು ಬಾಂಬು ಸಿಡಿದು ಗರ್ಭಿಣಿಯೊಬ್ಬಳೂ ಐವರು ಮಕ್ಕಳೂ ಸತ್ತರು. ಈ ಚೀಲ ಕತ್ತರಿಸುವಾಗ ಒಮ್ಮೊಮ್ಮೆ ಅದು ನೆನಪಾಗುತ್ತದೆ.

ಇನ್ನು ಅಡುಗೆ. ಚೀಲ ಕತ್ತರಿಸಿದ ತಕ್ಷಣ ಮೂಗಿಗೆ ಬರುವುದು ಮೀನಿನ ವಾಸನೆ. ಗೆಡ್ಡೆಯ ಪುಡಿಯಿಂದ, ಆ ಸುಣ್ಣದ ನೀರಿನಿಂದ ಬರುವ ವಾಸನೆ ಅದು. ಮೀನು ಅದರಲ್ಲಿ ಇಲ್ಲವೇ ಇಲ್ಲ. ನಮ್ಮಂಥ ಸಸ್ಯಾಹಾರಿಗಳು ಮೊದಲ ಸಲ ಬೆಚ್ಚಿಬೀಳುವುದು ಸಹಜ. ನೀರು ಚೆಲ್ಲಿ, ಜರಡಿಗೆ ಸುರಿದು, ತಣ್ಣೀರಲ್ಲಿ ಚೆನ್ನಾಗಿ ತೊಳೆಯಬೇಕು. ಆಮೇಲೆ ಎರಡು ಮೂರು ನಿಮಿಷ ಕುದಿಸಿ ಬಸಿಯಬೇಕು. ವಾಸನೆ ಬಹುಪಾಲು ಅಲ್ಲೇ ಹೋಗುತ್ತದೆ. ಎಳೆಗಳು ಮೈಲುದ್ದ ಇರುತ್ತವೆ, ಕತ್ತರಿಯಲ್ಲಿ ಎರಡು ಮೂರು ಕಡೆ ಕತ್ತರಿಸಿಬಿಡಿ.

ಈಗ ಬರುವುದು ಎಲ್ಲರೂ ತಪ್ಪಿಸುವ ಹಂತ. ಒಣ ಬಾಣಲೆ ಕಾಯಿಸಿ, ಎಣ್ಣೆ ಹಾಕದೆ, ಬಸಿದ ಎಳೆಗಳನ್ನು ಹಾಕಿ ಹುರಿಯಬೇಕು. ಮೊದಲು ಆವಿ ಬುಸ್ಸೆಂದು ಏಳುತ್ತದೆ, ತಳದಲ್ಲಿ ನೀರು ಚಟಪಟ ಅನ್ನುತ್ತದೆ. ಕೈ ಬಿಡದೆ ಆಡಿಸುತ್ತಿರಬೇಕು. ಸ್ವಲ್ಪ ಹೊತ್ತಿಗೆ ಚಟಪಟ ನಿಂತು ಕೀಚ್ ಕೀಚ್ ಅಂತ ಸದ್ದು ಶುರುವಾಗುತ್ತದೆ, ಎಳೆಗಳು ಬಾಣಲೆಗೆ ಉಜ್ಜಿಕೊಳ್ಳುವ ಸದ್ದು. ಆಗ ನೋಡಿ, ಅವುಗಳ ಹೊಳಪು ಹೋಗಿ ಮಂಕಾಗಿರುತ್ತವೆ, ಗಾತ್ರ ಸ್ವಲ್ಪ ಇಳಿದಿರುತ್ತದೆ. ಅಲ್ಲಿಗೆ ಹದ ಬಂತು. ಇಷ್ಟು ಮಾಡದೆ ಸಾಸ್ ಸುರಿದರೆ ಹತ್ತು ನಿಮಿಷದಲ್ಲಿ ತಟ್ಟೆಯ ತಳದಲ್ಲಿ ನೀರು, ಅದರ ಮೇಲೆ ತೇಲುವ ಕೆಂಪು, ಮೇಲೆ ಬೋಳು ಎಳೆ.

ಇದಕ್ಕೆ ಕಾರಣ ಇದೆ. ಗೋಧಿ ಪಾಸ್ತಾ ಬೇಯುವಾಗ ಪಿಷ್ಟ ಬಿಡುತ್ತದೆ. ಆ ಪಿಷ್ಟವೇ ಸಾಸನ್ನು ಎಳೆಗೆ ಅಂಟಿಸುವುದು. ಪಾಸ್ತಾ ಬೇಯಿಸಿದ ನೀರನ್ನು ಒಂದು ಸೌಟು ಸಾಸಿಗೆ ಹಾಕಿ ಅನ್ನುವುದು ಅದಕ್ಕೇ. ಶಿರಾತಾಕಿಯಲ್ಲಿ ಪಿಷ್ಟ ಇಲ್ಲ, ಮೈ ನುಣುಪು, ಉಪ್ಪು ಖಾರ ಬೇಗ ಒಳಗೆ ಇಳಿಯುವುದೂ ಇಲ್ಲ. ರುಚಿಯೆಲ್ಲ ಮೇಲ್ಮೈಯಲ್ಲೇ ನಿಲ್ಲಬೇಕು. ಹಾಗಾಗಿ ಸಾಸ್ ಗಟ್ಟಿ ಇರಬೇಕು, ಖಾರ ಹುಳಿ ಒಂದು ಹಿಡಿ ಮುಂದೆ ಇರಬೇಕು.

ಇಂಟರ್ನೆಟ್ಟಿನಲ್ಲಿ ಎಲ್ಲರೂ ಕ್ರೀಮ್ ಸಾಸ್ ಶಿರಾತಾಕಿ ಮಾಡಿ ತೋರಿಸುತ್ತಾರೆ. ನನಗೆ ಅದು ತಮಾಷೆಯಾಗಿ ಕಾಣುತ್ತದೆ. ಪಾಸ್ತಾದಿಂದ 270 ಕ್ಯಾಲರಿ ಉಳಿಸಿ, ಮೇಲೆ 100 ಮಿಲಿ ದಪ್ಪ ಕ್ರೀಮ್, ಒಂದು ಮುಷ್ಟಿ ಚೀಸ್. ಉಳಿಸಿದ್ದಕ್ಕಿಂತ ಹೆಚ್ಚು ವಾಪಸ್ ಬಂತಲ್ಲ! ಒಂದು ದೊಡ್ಡ ಚಮಚ ಆಲಿವ್ ಎಣ್ಣೆಯೇ 110, 120 ಕ್ಯಾಲರಿ. ಲೆಕ್ಕ ಎಳೆಯದ್ದಲ್ಲ, ಮೇಲೆ ಸುರಿಯುವುದರದ್ದು.

ನಮ್ಮಲ್ಲಿ ಗೆದ್ದದ್ದು ನಾಪೊರಿತಾನ್. ಇದು ಜಪಾನಿನದೇ ಸ್ಪಾಗೆಟ್ಟಿ. ಯುದ್ಧ ಮುಗಿದ ಮೇಲೆ ಯೊಕೊಹಾಮಾದ ಹೋಟೆಲ್ ನ್ಯೂ ಗ್ರ್ಯಾಂಡ್‌ನಲ್ಲಿ ಹುಟ್ಟಿತು ಎನ್ನುತ್ತಾರೆ. ಈಗ ಎಲ್ಲ ಕಡೆ ಮಾಡುವುದು ಕೆಚಪ್ಪಿನಲ್ಲಿ: ಈರುಳ್ಳಿ, ದೊಣ್ಣೆಮೆಣಸು, ಅಣಬೆ, ಸಾಸೇಜು. ನಾವು ಸಾಸೇಜು ಬಿಟ್ಟು ಅಣಬೆ ಜಾಸ್ತಿ ಮಾಡುತ್ತೇವೆ. ಗುಟ್ಟು ಏನೆಂದರೆ ಕೆಚಪ್ಪನ್ನು ಮೊದಲು ಬಾಣಲೆಯಲ್ಲಿ ಹುರಿಯಬೇಕು, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿ ಅಂಟಂಟಾಗುವ ತನಕ. ಆಗ ಅದು ಎಳೆ ಬಿಟ್ಟು ಜಾರುವುದಿಲ್ಲ. ಇನ್ನೊಂದು ಹೆಂಡತಿಯ ಕೈಚಳಕ: ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆಗೆ ಹುರಿದ ಶಿರಾತಾಕಿ ಹಾಕಿ, ಒಲೆ ಆರಿಸಿ, ಮೇಲೆ ಶೇಂಗಾ ಚಟ್ನಿಪುಡಿ ಎರಡು ಚಮಚ, ಅರ್ಧ ನಿಂಬೆ. ಪುಡಿ ಉಳಿದ ತೇವ ಹೀರಿಕೊಂಡು ಎಳೆಗೆಳೆಗೆ ಮೆತ್ತಿಕೊಳ್ಳುತ್ತದೆ. 'ಇದು ಪಾಸ್ತಾ ಅಲ್ಲ ಕಣ್ರೀ, ಶ್ಯಾವಿಗೆ ಉಪ್ಪಿಟ್ಟಿನ ನಾಟಕ' ಅಂತ ಅವಳೇ ಹೇಳಿದಳು. ನಾಟಕ ಚೆನ್ನಾಗಿದೆ ಅಂತ ನಾನು ತಟ್ಟೆ ಮುಂದೆ ಹಿಡಿದೆ.

ಪಕ್ಕದ ಸೀಟಿನ ಹಿರಿಯ ಸಹೋದ್ಯೋಗಿಗೆ ನನ್ನ ಡಬ್ಬಿ ನೋಡಿ ಅಚ್ಚರಿ. ಅವರ ಮನೆಯಲ್ಲಿ ಶಿರಾತಾಕಿ ಅಂದರೆ ಸುಕಿಯಾಕಿ ಪಾತ್ರೆಯಲ್ಲಿ ಮಾಂಸದ ಜೊತೆ ಕುದಿಯುವಂಥದ್ದು, ಇಲ್ಲವೇ ಚಳಿಗಾಲದ ಓದೆನ್‌ನಲ್ಲಿ ಗಂಟು ಕಟ್ಟಿ ಬಿಡುವಂಥದ್ದು. ಗಂಟೆಗಟ್ಟಲೆ ಸಾರಿನಲ್ಲಿ ಕೂತು ಆ ರುಚಿ ಹಿಡಿದುಕೊಂಡು ಬರುತ್ತದೆ. 'ಇದನ್ನು ಸ್ಪಾಗೆಟ್ಟಿ ಬದಲಿಗೆ ತಿನ್ನುವುದು ಡಯೆಟ್ ಮಾಡುವವರು ಮಾತ್ರ' ಅಂತ ನಕ್ಕರು. ಅವರ ಮಾತು ಸರಿ ಅನ್ನಿಸುತ್ತದೆ. ಪಾಸ್ತಾ ಅಂತ ಬಾಯಿಗಿಟ್ಟರೆ ಹಲ್ಲಿಗೆ ಕುರುಕುರು ರಬ್ಬರು. ಬೇರೆ ಏನೋ ಅಂತ ಇಟ್ಟರೆ ಆ ಕುರುಕುರು ಮಜವಾಗಿರುತ್ತದೆ. ಓದೆನ್ ಮಾತ್ರ ನಮಗೆ ಆಗಿಬರುವುದಿಲ್ಲ, ಅದರ ಸಾರಿನಲ್ಲಿ ಒಣಮೀನು ಇದ್ದೇ ಇರುತ್ತದೆ. ಹಾಗಾಗಿ ನಮ್ಮ ಶಿರಾತಾಕಿ ತಿಳಿಸಾರಿಗೆ ಬೀಳುತ್ತದೆ. ಮೆಣಸಿನ ಸಾರಿಗೆ ಹೇಳಿಮಾಡಿಸಿದ ಜೋಡಿ.

ಬೇರೆ ಬದಲಿಗಳನ್ನೂ ನೋಡಿದ್ದೇವೆ. ಜುಕಿನಿಯನ್ನು ಎಳೆಎಳೆಯಾಗಿ ಹೆರೆದು ಮಾಡುವುದು ರುಚಿಯಲ್ಲಿ ಪರವಾಗಿಲ್ಲ, ಆದರೆ ಅದು ಪಲ್ಯ. ಪಲ್ಯ ಅಂತಲೇ ಕರೆದು ತಿಂದರೆ ಒಳ್ಳೆಯದು. ಸೋಯಾ ಹಿಂಡಿ ಮತ್ತು ಕೊನ್ಯಾಕು ಪುಡಿ ಸೇರಿಸಿ ಮಾಡಿದ ಚಪ್ಪಟೆ ನೂಡಲ್ಸ್ ಇಲ್ಲಿ ಎಲ್ಲ ಕಡೆ ಸಿಗುತ್ತದೆ. ಶಿರಾತಾಕಿಗಿಂತ ಮೆತ್ತಗೆ, ಸಾಸೂ ಸ್ವಲ್ಪ ಹಿಡಿಯುತ್ತದೆ, ಕುದಿಸುವ ಕೆಲಸವೂ ಇಲ್ಲ. ಮೊದಲ ಸಲ ತಿನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ.

ತೂಕ ಇಳಿಯುತ್ತಾ ಅಂತ ಊರಿಂದ ಕೇಳುವವರಿಗೆ ಒಂದು ಮಾತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಗ್ಲುಕೋಮನ್ನಾನ್ ತೂಕ ಇಳಿಸಲು ನೆರವಾಗುತ್ತದೆ ಎಂದು ಒಪ್ಪಿತು. ಆದರೆ ಷರತ್ತು ಹಾಕಿತು: ದಿನಕ್ಕೆ 3 ಗ್ರಾಂ, ಮೂರು ಹೊತ್ತು ಹಂಚಿ, ಊಟಕ್ಕೆ ಮುಂಚೆ ನೀರಿನ ಜೊತೆ, ಅದೂ ಒಟ್ಟು ಊಟ ಕಡಿಮೆ ಮಾಡಿದವರಿಗೆ. ರಾತ್ರಿ ಶಿರಾತಾಕಿ ತಿಂದು ಹತ್ತು ಗಂಟೆಗೆ ಚಕ್ಕುಲಿ ಡಬ್ಬಿ ತೆಗೆಯುವವರಿಗೆ ಇದು ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ, ಈ ನಾರು ಮಾತ್ರೆ ಮೈಗೆ ಹತ್ತುವುದನ್ನು ತಡಮಾಡಬಹುದು. ಚೆನ್ನಾಗಿ ಅಗಿಯಬೇಕು, ನೀರು ಕುಡಿಯಬೇಕು. ಇದೇ ಪುಡಿಯಿಂದ ಮಾಡಿದ ಪುಟ್ಟ ಕಪ್ಪಿನ ಜೆಲ್ಲಿ ಗಂಟಲಲ್ಲಿ ಸಿಕ್ಕಿ ಮಕ್ಕಳು, ವಯಸ್ಸಾದವರು ಸತ್ತದ್ದುಂಟು. ಯುರೋಪಿಯನ್ ಒಕ್ಕೂಟ ಆ ಜೆಲ್ಲಿಯನ್ನು ನಿಷೇಧಿಸಿದೆ. ನೂಡಲ್ಸನ್ನೂ ಸಣ್ಣ ಮಕ್ಕಳಿಗೆ ಚಿಕ್ಕದಾಗಿ ಕತ್ತರಿಸದೆ ಕೊಡಬೇಡಿ.

ಬೆಂಗಳೂರಿನಲ್ಲಿ ಒಂದು ಚೀಲಕ್ಕೆ ನೂರಾರು ರೂಪಾಯಿ ಕೊಟ್ಟು ತರಿಸಿದೆ ಅಂತ ತಂಗಿ ಹೇಳಿದಳು. ಆ ದುಡ್ಡಿಗೆ ವಾರಕ್ಕಾಗುವಷ್ಟು ಹುರುಳಿಕಾಯಿ, ಸೌತೆಕಾಯಿ ಬರುತ್ತೆ ಕಣೇ ಅಂದೆ. ತರಿಸಲೇಬೇಕು ಅನ್ನುವವರು ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದರೆ ನೀರೆಲ್ಲ ಹೊರಬಂದು ಎಳೆಗಳು ಒಣ ನಾರಾಗಿಬಿಡುತ್ತವೆ. ತೆರೆಯದ ಚೀಲ ಹೊರಗೇ ಇದ್ದರೂ ಕೆಡದು, ಮೇಲಿನ ತಾರೀಖು ನೋಡಿಕೊಂಡರೆ ಸಾಕು.

ನಮ್ಮಲ್ಲಿ ಈಗ ನಿಂತ ಪದ್ಧತಿ ಅರ್ಧಕ್ಕರ್ಧ. 40 ಗ್ರಾಂ ಗೋಧಿ ಸ್ಪಾಗೆಟ್ಟಿ, ಅಷ್ಟೇ ಜಾಗ ತುಂಬುವಷ್ಟು ಹುರಿದ ಶಿರಾತಾಕಿ. ಗೋಧಿಯದ್ದು ಪಿಷ್ಟ ಬಿಟ್ಟು ಸಾಸ್ ಹಿಡಿಸುತ್ತದೆ, ಇನ್ನೊಂದು ತಟ್ಟೆ ತುಂಬಿಸುತ್ತದೆ. ಮಗಳು ಮಾತ್ರ ಫೋರ್ಕಿನಲ್ಲಿ ಒಂದೊಂದೇ ಎಳೆ ಎತ್ತಿ ಬೆಳಕಿಗೆ ಹಿಡಿದು, ಆರಪಾರ ಕಂಡದ್ದನ್ನೆಲ್ಲ ನನ್ನ ತಟ್ಟೆಗೆ ಹಾಕುತ್ತಾಳೆ.