ಕಳಸದ ಭಟ್ಟರು, ಶಿಶುನಾಳದ ಷರೀಫರು

ಶಿಶುನಾಳ ಷರೀಫರ ಪದ ಕೇಳಿದಾಗೆಲ್ಲ ನನ್ನ ಮನಸ್ಸು ಅವರ ಗುರುವಿನ ಕಡೆಗೇ ಹೋಗುತ್ತದೆ. ಕಳಸದ ಗೋವಿಂದಭಟ್ಟರು. 19ನೇ ಶತಮಾನದ ಬ್ರಾಹ್ಮಣರೊಬ್ಬರು ಇಮಾಂ ಸಾಹೇಬರ ಮಗನನ್ನು ಶಿಷ್ಯನೆಂದು ಅಪ್ಪಿಕೊಂಡರು. ಸ್ವಜಾತಿಯವರು ತಕರಾರು ತೆಗೆದಾಗ ಷರೀಫರ ಕೊರಳಿಗೆ ತಾವೇ ಜನಿವಾರ ಹಾಕಿದರಂತೆ. ಶಿಷ್ಯ ಹೆಸರು ಮಾಡಿದ ಮೇಲೆ ಹೆಮ್ಮೆಪಡುವುದು ಯಾರಿಗಾದರೂ ಸಲೀಸು. ಯಾರೂ ಗುರುತಿಸದ ಹುಡುಗನಿಗಾಗಿ ತನ್ನವರನ್ನೇ ಎದುರು ಹಾಕಿಕೊಳ್ಳುವುದಕ್ಕೆ ಎಂಥ ಗುಂಡಿಗೆ ಬೇಕು!

ಷರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ, ಅಂದರೆ ಶಿಶುನಾಳದಲ್ಲಿ. ಆಗಿನ ಶಾಲೆಯ ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಕನ್ನಡ ಸಾಲಿ ಮಾಸ್ತರರಾಗಿದ್ದರು, ಆಮೇಲೆ ನೌಕರಿ ಬಿಟ್ಟರು. ಹೆಂಡತಿ ಫಾತಿಮಾ ಬೇಗನೆ ತೀರಿಕೊಂಡರು, ಬಡತನವಂತೂ ಇದ್ದೇ ಇತ್ತು. ಆದರೂ ಕಣ್ಣಿಗೆ ಬಿದ್ದದ್ದೆಲ್ಲ ಪದವಾಯಿತು. ಸೋರುವ ಮಾಳಿಗೆ, ಕೋಳಿ, ಕೋಡಗ, ಆಗಷ್ಟೇ ಬಂದಿದ್ದ ಗಿರಣಿ ಕೂಡ. ದೊಡ್ಡ ಶಾಸ್ತ್ರಗ್ರಂಥ ಬೇಕಿಲ್ಲ, ಹೊಲಕ್ಕೆ ಹೋಗುವ ಹೆಂಗಸಿಗೂ ತಿಳಿಯುವ ಮಾತಿನಲ್ಲಿ ದೇಹ, ಮಾಯೆ, ಸಾವು ಎಲ್ಲವನ್ನೂ ಹಾಡಿಬಿಟ್ಟರು. ಅದರೊಳಗೆ ಮತ್ತೆ ಮತ್ತೆ ಗುರುಗೋವಿಂದನ ನೆನಪು. ನನಗಂತೂ ಅಲ್ಲೇ ಗಂಟಲು ಕಟ್ಟುತ್ತದೆ.

1889ರಲ್ಲಿ ದೇಹ ಬಿಟ್ಟಾಗ ಹಿಂದೂಗಳೂ ಮುಸ್ಲಿಮರೂ ತಮ್ಮ ತಮ್ಮ ವಿಧಿಯಂತೆ ಅಂತಿಮ ಸಂಸ್ಕಾರ ಮಾಡಿದರಂತೆ. ಇಂದಿಗೂ ಶಿಶುನಾಳದ ಗದ್ದುಗೆಗೆ ಇಬ್ಬರೂ ನಡೆದುಕೊಳ್ಳುತ್ತಾರೆ. ಮುಂದಿನ ಸಲ ಹುಬ್ಬಳ್ಳಿ ಕಡೆ ಹೋದಾಗ ಮಕ್ಕಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.